ಮೊದಲ ಗೇಮಿಂಗ್ ಪಿಸಿ: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಕೈ ಬಿಗಿ ಹಿಡಿಯಬೇಕು

ಮೊದಲ ಸಲ ಗೇಮಿಂಗ್ ಪಿಸಿ ಜೋಡಿಸಲು ಹೊರಟವರು ಸಾಮಾನ್ಯವಾಗಿ ಪ್ರೊಸೆಸರ್ ಹುಡುಕುವುದರಿಂದ ಶುರು ಮಾಡುತ್ತಾರೆ. ಐ5 ಸಾಕಾ, ಐ7 ಬೇಕಾ, ರೈಜನ್ ಒಳ್ಳೆಯದಾ ಎಂಬ ಚರ್ಚೆಯಲ್ಲೇ ಅರ್ಧ ಬಜೆಟ್ ಮುಗಿದಿರುತ್ತದೆ. ಆಮೇಲೆ ಉಳಿದ ದುಡ್ಡಿಗೆ ಸಿಕ್ಕಿದ ಗ್ರಾಫಿಕ್ಸ್ ಕಾರ್ಡ್, ಕ್ಯಾಬಿನೆಟ್ ಜೊತೆಗೇ ಬರುವ ಪವರ್ ಸಪ್ಲೈ. ಪಿಸಿ ಆನ್ ಆಗುತ್ತದೆ, ಗೇಮ್ ಮಾತ್ರ ತಡವರಿಸುತ್ತದೆ.

ದುಡ್ಡು ಕಡಿಮೆ ಇದ್ದಾಗ ಕೆಲಸಕ್ಕೆ ಬರುವ ಕ್ರಮ ಇದರ ಉಲ್ಟಾ. ಮೊದಲು ಮಾನಿಟರ್ ಮತ್ತು ನೀವು ಆಡುವ ಗೇಮ್. ಅದಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡ್. ಆ ಕಾರ್ಡ್ ತನಗಾಗಿ ಕಾಯುವಂತೆ ಮಾಡದ ಪ್ರೊಸೆಸರ್. ಉಳಿದದ್ದೆಲ್ಲ ಆಮೇಲೆ. ಎಲ್ಲ ಭಾಗಗಳನ್ನೂ ಅಗ್ಗದಲ್ಲಿ ಕೊಂಡರೆ ಬಜೆಟ್ ಪಿಸಿ ಆಗುವುದಿಲ್ಲ. ನಿಮ್ಮ ಪರದೆಯ ಮೇಲೆ ಕಾಣಿಸದ ವೇಗಕ್ಕೆ ದುಡ್ಡು ಕೊಡದೇ ಇದ್ದರೆ ಆಗುತ್ತದೆ.

ಪರದೆ ಎಷ್ಟು ಕೆಲಸ ಕೇಳುತ್ತದೆ

ಮಾನಿಟರ್‌ನಲ್ಲಿ ಎರಡು ಅಂಕಿ ಮುಖ್ಯ. ಒಂದು ರೆಸಲ್ಯೂಶನ್. 1080ಪಿ ಪರದೆಯಲ್ಲಿ 1920×1080, ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿರುತ್ತವೆ. 1440ಪಿಯಲ್ಲಿ ಸುಮಾರು 36.9 ಲಕ್ಷ. 4ಕೆಯಲ್ಲಿ 83 ಲಕ್ಷದ ಹತ್ತಿರ, 1080ಪಿಗಿಂತ ಸರಿಯಾಗಿ ನಾಲ್ಕು ಪಟ್ಟು. ಪ್ರತಿ ಫ್ರೇಮ್‌ನಲ್ಲೂ, ಅಂದರೆ ಪರದೆಗೆ ಬರುವ ಒಂದೊಂದು ಚಿತ್ರದಲ್ಲೂ, ಇಷ್ಟೂ ಪಿಕ್ಸೆಲ್‌ಗಳ ಬಣ್ಣವನ್ನು ಗ್ರಾಫಿಕ್ಸ್ ಕಾರ್ಡ್ ಲೆಕ್ಕ ಹಾಕಬೇಕು.

ಇನ್ನೊಂದು ರಿಫ್ರೆಶ್ ರೇಟ್. 60 ಹರ್ಟ್ಜ್ ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. ಅದಕ್ಕೆ ಸರಿಹೊಂದಬೇಕಾದರೆ ಒಂದೊಂದು ಫ್ರೇಮ್ 16.7 ಮಿಲಿಸೆಕೆಂಡಿನೊಳಗೆ ತಯಾರಾಗಬೇಕು. 144 ಹರ್ಟ್ಜ್ ಆದರೆ 7 ಮಿಲಿಸೆಕೆಂಡ್ ಕೂಡ ಸಿಗುವುದಿಲ್ಲ. ನಿಮ್ಮ ಹತ್ತಿರ 60 ಹರ್ಟ್ಜ್ ಮಾನಿಟರ್ ಇದ್ದು, ಪಿಸಿ 150 ಎಫ್‌ಪಿಎಸ್ (ಅಂದರೆ ಸೆಕೆಂಡಿಗೆ 150 ಫ್ರೇಮ್) ಕೊಡುತ್ತಿದ್ದರೂ ಪರದೆ ಬದಲಾಗುವುದು ಸೆಕೆಂಡಿಗೆ 60 ಸಲವೇ. ಆ ಪಿಸಿಗೆ ಸುರಿದ ದುಡ್ಡಿನಲ್ಲಿ ಒಂದಷ್ಟು ಮಾನಿಟರ್‌ಗೆ ಹೋಗಬೇಕಿತ್ತು, ಅಲ್ವಾ?

ಮೊದಲ ಪಿಸಿಗೆ 1080ಪಿ, 144 ಹರ್ಟ್ಜ್ ಅಥವಾ ಅದರ ಆಸುಪಾಸಿನ ಮಾನಿಟರ್ ಸಾಕು ಎನ್ನುವುದು ನನ್ನ ಅಭಿಪ್ರಾಯ. ಅದರಲ್ಲಿ ಫ್ರೀಸಿಂಕ್ ಅಥವಾ ಜಿ-ಸಿಂಕ್ ಹೊಂದಾಣಿಕೆ ಇದೆಯಾ ಅಂತ ನೋಡಿ. ಕಾರ್ಡ್ ಫ್ರೇಮ್ ಕೊಟ್ಟಾಗ ಮಾತ್ರ ಪರದೆ ಬದಲಾಗುವ ವ್ಯವಸ್ಥೆ ಇದು. ಎಫ್‌ಪಿಎಸ್ 55ಕ್ಕೂ 90ಕ್ಕೂ ನಡುವೆ ಹತ್ತಿಳಿಯುತ್ತಿರುವ ಸಾಧಾರಣ ಪಿಸಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ಚಿತ್ರ ಅಡ್ಡಕ್ಕೆ ಹರಿದಂತೆ ಕಾಣುವುದು ನಿಲ್ಲುತ್ತದೆ.

ಈಗ ಒಂದು ಫ್ರೇಮ್ ಹೇಗೆ ತಯಾರಾಗುತ್ತದೆ ನೋಡೋಣ. ನೀವು ಮೌಸ್ ಅಲ್ಲಾಡಿಸಿದಿರಿ. ಪಾತ್ರ ಎಲ್ಲಿದೆ, ಶತ್ರು ಯಾವ ಕಡೆ ಓಡಬೇಕು, ಬಿದ್ದ ಡಬ್ಬಿ ಎಲ್ಲಿಗೆ ಉರುಳಬೇಕು ಎಂಬುದನ್ನೆಲ್ಲ ಪ್ರೊಸೆಸರ್ ತೀರ್ಮಾನಿಸುತ್ತದೆ. ಆಮೇಲೆ ಏನೇನು ಬರೆಯಬೇಕು ಎಂಬ ಪಟ್ಟಿಯನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಕೊಡುತ್ತದೆ. ಕಾರ್ಡ್ ಅದನ್ನು ಚಿತ್ರ ಮಾಡುತ್ತದೆ. ಇಬ್ಬರಲ್ಲಿ ಯಾರು ನಿಧಾನವೋ ಅವರ ವೇಗವೇ ನಿಮ್ಮ ಎಫ್‌ಪಿಎಸ್.

ಇಲ್ಲಿ ಒಂದು ಸೂಕ್ಷ್ಮ ಇದೆ. ರೆಸಲ್ಯೂಶನ್ ಏರಿಸಿದರೆ ಪ್ರೊಸೆಸರ್ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಕಾರ್ಡ್‌ನ ಕೆಲಸ ಮಾತ್ರ ಏರುತ್ತದೆ. ಹಾಗಾಗಿ ವ್ಯಾಲೊರೆಂಟ್, ಕೌಂಟರ್-ಸ್ಟ್ರೈಕ್ 2 ಥರದ ಗೇಮ್‌ಗಳನ್ನು 1080ಪಿಯಲ್ಲಿ 200 ಎಫ್‌ಪಿಎಸ್ ದಾಟಿಸಿ ಆಡುವವರಿಗೆ ಪ್ರೊಸೆಸರ್ ತುಂಬಾ ಮುಖ್ಯ. ಸೈಬರ್‌ಪಂಕ್ 2077 ಥರದ ಗೇಮ್‌ಗಳನ್ನು ಚೆಂದ ನೋಡಿಕೊಂಡು ಆಡುವವರಿಗೆ ಕಾರ್ಡೇ ಎಲ್ಲ. ಈಗಾಗಲೇ ಪಿಸಿ ಇದ್ದವರು ಇದನ್ನು ಸುಲಭವಾಗಿ ಪರೀಕ್ಷಿಸಬಹುದು. ಗೇಮ್‌ನಲ್ಲಿ ರೆಸಲ್ಯೂಶನ್ ಇಳಿಸಿ. ಎಫ್‌ಪಿಎಸ್ ಏರಿದರೆ ಕಾರ್ಡ್ ಸುಸ್ತಾಗಿತ್ತು. ಏರದಿದ್ದರೆ ಪ್ರೊಸೆಸರ್.

ಬಾಟಲ್‌ನೆಕ್ ಎಂಬ ಪದ ಕೇಳಿ ಹೊಸಬರು ಹೆದರುತ್ತಾರೆ. ಹೆದರಬೇಡಿ. ಪ್ರತಿ ಪಿಸಿಯಲ್ಲೂ ಯಾವುದೋ ಒಂದು ಭಾಗ ಹಿಂದೆ ಬಿದ್ದೇ ಇರುತ್ತದೆ, ಅದು ಗೇಮ್‌ನಿಂದ ಗೇಮ್‌ಗೆ ಬದಲಾಗುತ್ತದೆ. ಎರಡು ಹೆಸರು ಟೈಪ್ ಮಾಡಿದರೆ ಇಷ್ಟು ಶೇಕಡಾ ಬಾಟಲ್‌ನೆಕ್ ಎಂದು ಹೇಳುವ ಕ್ಯಾಲ್ಕುಲೇಟರ್‌ಗಳನ್ನು ನಂಬಲೇಬೇಡಿ. ನಿಮ್ಮ ಗೇಮ್, ನಿಮ್ಮ ಸೆಟ್ಟಿಂಗ್ ಗೊತ್ತಿಲ್ಲದೆ ಆ ಲೆಕ್ಕಕ್ಕೆ ಅರ್ಥವೇ ಇಲ್ಲ.

ಗ್ರಾಫಿಕ್ಸ್ ಕಾರ್ಡ್: ಹೆಸರು ನೋಡಿ ಕೊಳ್ಳಬೇಡಿ

ಮಾನಿಟರ್ ಬಿಟ್ಟು ಉಳಿದ ಬಜೆಟ್‌ನಲ್ಲಿ ಶೇ. 40ರಿಂದ 50ರಷ್ಟು ಕಾರ್ಡ್‌ಗೆ ಇಡಿ. ಕೇಳಿದರೆ ಜಾಸ್ತಿ ಅನ್ನಿಸಬಹುದು. ಆದರೆ ಪರದೆಯ ಮೇಲೆ ವ್ಯತ್ಯಾಸ ನೇರವಾಗಿ ಕಾಣಿಸುವುದು ಈ ಒಂದು ಭಾಗದಲ್ಲೇ.

ಕಾರ್ಡ್‌ಗಳ ಹೆಸರು ಮಾತ್ರ ತುಂಬಾ ದಾರಿ ತಪ್ಪಿಸುತ್ತವೆ. ಎನ್‌ವಿಡಿಯಾದ ಜಿಟಿಎಕ್ಸ್ 1060 ಎಂಬ ಒಂದೇ ಹೆಸರಿನಲ್ಲಿ 3 ಜಿಬಿಯದೂ ಬಂತು, 6 ಜಿಬಿಯದೂ ಬಂತು. ಎರಡಕ್ಕೂ ಇದ್ದದ್ದು ಬರೀ ಮೆಮೊರಿ ವ್ಯತ್ಯಾಸ ಅಲ್ಲ, ಒಳಗೆ ಲೆಕ್ಕ ಮಾಡುವ ಕೋರ್‌ಗಳ ಸಂಖ್ಯೆಯೂ ಬೇರೆ: ಒಂದರಲ್ಲಿ 1152, ಇನ್ನೊಂದರಲ್ಲಿ 1280. ಜಿಟಿ 1030 ಇನ್ನೂ ಕೆಟ್ಟ ಉದಾಹರಣೆ. ಜಿಡಿಡಿಆರ್5 ಮೆಮೊರಿ ಇರುವ ಕಾರ್ಡ್ ಸೆಕೆಂಡಿಗೆ 48 ಜಿಬಿ ಸಾಗಿಸಿದರೆ, ಆಮೇಲೆ ಅದೇ ಹೆಸರಲ್ಲಿ ಬಂದ ಡಿಡಿಆರ್4 ಕಾರ್ಡ್ ಸಾಗಿಸುವುದು 17 ಜಿಬಿಗೂ ಕಡಿಮೆ. ಆರ್‌ಟಿಎಕ್ಸ್ 3050ರಲ್ಲೂ 8 ಜಿಬಿ ಮತ್ತು 6 ಜಿಬಿ ಕಾರ್ಡ್‌ಗಳು ಬೇರೆ ಬೇರೆ ವೇಗದವು. ಬಾಕ್ಸ್ ಮೇಲಿನ ದೊಡ್ಡ ಅಕ್ಷರ ಬಿಟ್ಟು ಸಣ್ಣ ಅಕ್ಷರ ಓದಿ.

ಇನ್ನು ವಿಡಿಯೊ ಮೆಮೊರಿ, ಅಂದರೆ ವಿರ‍್ಯಾಮ್. ಗೋಡೆ, ಬಟ್ಟೆ, ಮುಖ ಎಲ್ಲದರ ಟೆಕ್ಸ್ಚರ್, ಅಂದರೆ ಮೇಲ್ಮೈಗೆ ಅಂಟಿಸುವ ಚಿತ್ರ, ಇರುವುದು ಇಲ್ಲಿ. ಜಾಗ ಸಾಲದಿದ್ದರೆ ಕಾರ್ಡ್ ಮದರ್‌ಬೋರ್ಡ್ ಮೇಲಿನ ಮಾಮೂಲಿ ರ‍್ಯಾಮ್‌ಗೆ ಕೈ ಚಾಚಬೇಕಾಗುತ್ತದೆ, ಆ ದಾರಿ ತುಂಬಾ ನಿಧಾನ. ಸರಾಸರಿ ಎಫ್‌ಪಿಎಸ್ ಚೆನ್ನಾಗಿದ್ದರೂ ಗೇಮ್ ನಡುನಡುವೆ ಜಗ್ಗುವುದು, ಟೆಕ್ಸ್ಚರ್ ಮಸುಕಾಗಿ ಉಳಿಯುವುದು ಹೆಚ್ಚಾಗಿ ಇದರಿಂದಲೇ. ಹೊಸ ಗೇಮ್‌ಗಳನ್ನು 1080ಪಿಯಲ್ಲಿ ಆಡಲು 8 ಜಿಬಿಗಿಂತ ಕೆಳಗೆ ಇಳಿಯಬೇಡಿ. 1440ಪಿ ಮನಸ್ಸಿದ್ದರೆ 12 ಅಥವಾ 16 ಜಿಬಿ ನೋಡಿ.

ಹಾಗಂತ ವಿರ‍್ಯಾಮ್ ಜಾಸ್ತಿ ಇರುವುದೇ ವೇಗದ ಕಾರ್ಡ್ ಎಂದು ತಿಳಿಯಬೇಡಿ. 12 ಜಿಬಿಯ ಆರ್‌ಟಿಎಕ್ಸ್ 3060ಗಿಂತ 8 ಜಿಬಿಯ 3060 ಟಿಐ ಸಾಮಾನ್ಯವಾಗಿ ವೇಗ. ಮೆಮೊರಿ ಸಾಮಾನು ಇಡುವ ಜಾಗ, ಕೆಲಸ ಮಾಡುವುದು ಕೋರ್. ಎರಡೂ ಬೇಕು.

ಮೂರನೆಯದು ಯಾರೂ ಗಮನಿಸದ ಸಂಗತಿ, ಪಿಸಿಐಇ ಲೇನ್, ಅಂದರೆ ಕಾರ್ಡ್‌ಗೂ ಬೋರ್ಡ್‌ಗೂ ನಡುವೆ ಡೇಟಾ ಓಡುವ ದಾರಿ. ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿಗೆ ಇರುವುದು ಬರೀ 4 ಲೇನ್, 4 ಜಿಬಿ ಮೆಮೊರಿ. ಪಿಸಿಐಇ 4.0 ಬೋರ್ಡ್‌ನಲ್ಲಿ ಹೇಗೋ ನಡೆಯುತ್ತದೆ. ಪಿಸಿಐಇ 3.0 ಇರುವ ಹಳೇ ಬೋರ್ಡ್‌ಗೆ ಹಾಕಿದರೆ ದಾರಿ ಅರ್ಧಕ್ಕೆ ಇಳಿದು ಎಫ್‌ಪಿಎಸ್ ಕುಸಿಯುತ್ತದೆ. ಹಳೇ ಬೋರ್ಡ್‌ಗೆ ಅಗ್ಗದ ಕಾರ್ಡ್ ಹುಡುಕುವವರೇ ಇದನ್ನು ಕೊಳ್ಳುವುದು, ಏಟು ಬೀಳುವುದೂ ಅವರಿಗೇ. ಇಂಟೆಲ್‌ನ ಆರ್ಕ್ ಬಿ580 12 ಜಿಬಿ ಇರುವ ಒಳ್ಳೆಯ ಕಾರ್ಡ್. ಆದರೆ ರೀಸೈಜಬಲ್ ಬಾರ್ (ಕಾರ್ಡ್‌ನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ಮುಟ್ಟುವಂತೆ ಮಾಡುವ ಸೌಲಭ್ಯ) ಇಲ್ಲದ ಹಳೇ ಪಿಸಿಯಲ್ಲಿ ಅದರ ಶಕ್ತಿ ಪೂರ್ತಿ ಸಿಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳಬಹುದಾ? ಖಂಡಿತ. ಕಡಿಮೆ ಬಜೆಟ್‌ಗೆ ಅತಿ ಹೆಚ್ಚು ವೇಗ ಸಿಗುವುದು ಅಲ್ಲೇ. ಆದರೆ ಎದುರಿಗೇ ಗೇಮ್ ಹಾಕಿಸಿ, 15–20 ನಿಮಿಷ ಓಡಿಸಿ ನೋಡಿ. ಡೆಸ್ಕ್‌ಟಾಪ್ ತೋರಿಸಿದರೆ ಸಾಲದು. ಕೆಟ್ಟ ಮೆಮೊರಿ, ಸವೆದ ಫ್ಯಾನ್ ಗೊತ್ತಾಗುವುದು ಕಾರ್ಡ್ ಬಿಸಿಯಾದ ಮೇಲೆ. ತುಂಬಾ ಹಿಂದಕ್ಕೂ ಹೋಗಬೇಡಿ. 2025ರಲ್ಲಿ ಬಂದ ಡೂಮ್: ದ ಡಾರ್ಕ್ ಏಜಸ್ ಗೇಮ್‌ಗೆ ಹಾರ್ಡ್‌ವೇರ್ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ ಹಾಕುವ ಭಾಗ) ಇರುವ ಕಾರ್ಡೇ ಬೇಕು. ಒಂದು ಕಾಲಕ್ಕೆ ರಾಜನಂತಿದ್ದ ಜಿಟಿಎಕ್ಸ್ 1080 ಟಿಐ ಕೂಡ ಅಲ್ಲಿ ಲೆಕ್ಕಕ್ಕಿಲ್ಲ. ಹಳೇ ಗೇಮ್‌ಗಳಷ್ಟೇ ಸಾಕು ಎನ್ನುವವರಿಗೆ ಇದು ಅಡ್ಡಿಯಲ್ಲ.

ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್, ಎಕ್ಸ್‌ಇಎಸ್‌ಎಸ್ ಎಂಬ ಹೆಸರುಗಳೂ ಕಿವಿಗೆ ಬೀಳುತ್ತವೆ. ಗೇಮನ್ನು ಕಡಿಮೆ ರೆಸಲ್ಯೂಶನ್‌ನಲ್ಲಿ ಬರೆದು, ಆಮೇಲೆ ಜಾಣತನದಿಂದ ಹಿಗ್ಗಿಸುವ ವಿಧಾನಗಳಿವು. 1080ಪಿ ಪರದೆಯಲ್ಲಿ ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್‌ನ ಕ್ವಾಲಿಟಿ ಮೋಡ್ ಹಾಕಿದರೆ ಒಳಗೆ ನಿಜಕ್ಕೂ ತಯಾರಾಗುವುದು 1280×720 ಚಿತ್ರ. ಚೆನ್ನಾಗಿಯೇ ಕೆಲಸ ಮಾಡುತ್ತವೆ. ಫ್ರೇಮ್ ಜನರೇಶನ್ ಮಾತ್ರ ಬೇರೆ ಕತೆ. ಅದು ಎರಡು ಫ್ರೇಮ್‌ಗಳ ನಡುವೆ ಹೊಸದನ್ನು ಸೇರಿಸುತ್ತದೆ. ಕಣ್ಣಿಗೆ ನುಣುಪಾಗಿ ಕಂಡರೂ ಮೌಸ್‌ಗೆ ಗೇಮ್ ಸ್ಪಂದಿಸುವ ವೇಗ ಹೆಚ್ಚುವುದಿಲ್ಲ. ಮೂಲದಲ್ಲಿ 30 ಎಫ್‌ಪಿಎಸ್ ಇದ್ದದ್ದನ್ನು 60 ಎಂದು ತೋರಿಸಿದರೂ ಕೈಗೆ ಅದು 30ರಂತೆಯೇ ಭಾರ. ಜಾಹೀರಾತಿನ ಗ್ರಾಫ್‌ಗಳಲ್ಲಿ ಈ ಎರಡನ್ನೂ ಬೆರೆಸಿರುತ್ತಾರೆ, ನೋಡಿಕೊಳ್ಳಿ.

ಪ್ರೊಸೆಸರ್ ಮತ್ತು ಅದರ ಮನೆ

ಆರು ಕೋರ್, ಹನ್ನೆರಡು ಥ್ರೆಡ್ (ಒಂದೇ ಹೊತ್ತಿಗೆ ನಡೆಸಬಲ್ಲ ಕೆಲಸದ ಸಾಲುಗಳು). ಬಜೆಟ್ ಗೇಮಿಂಗ್‌ಗೆ ಇಷ್ಟು ಸಾಕು. ರೈಜನ್ 5 5600, ಕೋರ್ ಐ5-12400ಎಫ್, ರೈಜನ್ 5 7600 ಎಲ್ಲವೂ ಈ ಗುಂಪಿನವು. ಎಂಟು, ಹನ್ನೆರಡು ಕೋರ್‌ಗಳಿಗೆ ಹೋಗುವ ದುಡ್ಡು ಕಾರ್ಡ್‌ಗೆ ಹೋದರೆ ಲಾಭ ಹೆಚ್ಚು. ವಿಡಿಯೊ ಎಡಿಟಿಂಗ್ ಕೂಡ ಮಾಡುವವರ ಮಾತು ಬೇರೆ.

ಇಲ್ಲೂ ಹೆಸರಿನ ಬಲೆ ಇದೆ. ರೈಜನ್ 5 5500 ಮತ್ತು 5600 ಅಕ್ಕಪಕ್ಕದವು ಅನ್ನಿಸುತ್ತದೆ. ಆದರೆ 5500ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಅತಿ ವೇಗದ ಸಣ್ಣ ಮೆಮೊರಿ) 16 ಎಂಬಿ, 5600ರಲ್ಲಿ 32 ಎಂಬಿ. ಗೇಮ್‌ಗಳು ಕ್ಯಾಶ್ ಅನ್ನು ಬಹಳ ಇಷ್ಟಪಡುತ್ತವೆ, ಎಎಂಡಿಯ ಎಕ್ಸ್3ಡಿ ಪ್ರೊಸೆಸರ್‌ಗಳು ಗೇಮಿಂಗ್‌ನಲ್ಲಿ ಮುಂದಿರುವುದೂ ಇದರಿಂದಲೇ. ಜೊತೆಗೆ 5500 ಪಿಸಿಐಇ 3.0ಕ್ಕೇ ನಿಲ್ಲುತ್ತದೆ. ಮೇಲೆ ಹೇಳಿದ ಕಡಿಮೆ ಲೇನ್‌ನ ಕಾರ್ಡ್ ಅದರ ಜೊತೆ ಸೇರಿದರೆ ಎರಡು ಕಡೆಯಿಂದಲೂ ನಷ್ಟ.

ಇಂಟೆಲ್ ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಅಗ್ಗ. ಕಾರ್ಡ್ ಇರುವವರಿಗೆ ಸರಿ. ಆದರೆ ಕಾರ್ಡ್ ಕೆಟ್ಟು ಸರ್ವಿಸ್‌ಗೆ ಹೋದರೆ ಪರದೆಯೂ ಕತ್ತಲೆ. ರೈಜನ್ 5 5600ಕ್ಕೂ ಒಳಗೆ ಗ್ರಾಫಿಕ್ಸ್ ಇಲ್ಲ. 7600ರಲ್ಲಿ ಸಣ್ಣದೊಂದು ಇದೆ, ಗೇಮ್‌ಗೆ ಆಗದು, ಚಿತ್ರ ತೋರಿಸಲು ಸಾಕು.

ನಿಜವಾದ ಆಯ್ಕೆ ಇರುವುದು ಸಾಕೆಟ್‌ನಲ್ಲಿ, ಅಂದರೆ ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗದಲ್ಲಿ. ಎಎಂಡಿಯ ಎಎಂ4 ಮತ್ತು ಇಂಟೆಲ್‌ನ ಎಲ್‌ಜಿಎ1700 ತಮ್ಮ ಪಯಣದ ಕೊನೆಗೆ ಬಂದಿವೆ. ಎರಡರಲ್ಲೂ ಡಿಡಿಆರ್4 ರ‍್ಯಾಮ್ ಬಳಸಬಹುದು, ಹಳೇ ಭಾಗಗಳು ಸುಲಭವಾಗಿ ಸಿಗುತ್ತವೆ. 2022ರಲ್ಲಿ ಬಂದ ಎಎಂ5ಗೆ ಡಿಡಿಆರ್5 ಮಾತ್ರ. 2027ರ ಆಚೆಗೂ ಈ ಸಾಕೆಟ್‌ಗೆ ಬೆಂಬಲ ಇರುತ್ತದೆ ಎಂದು ಎಎಂಡಿ ಹೇಳಿದೆ. ಮುಂದೆ ಬೋರ್ಡ್ ಬದಲಿಸದೆ ಪ್ರೊಸೆಸರ್ ಬದಲಿಸುವ ಆಸೆ ನಿಜಕ್ಕೂ ಇದ್ದರೆ ಎಎಂ5 ಒಳ್ಳೆಯ ದಾರಿ. ಐದು ವರ್ಷ ಏನನ್ನೂ ಮುಟ್ಟುವುದಿಲ್ಲ ಎನ್ನುವವರು ಎಎಂ4ರಲ್ಲಿ ಉಳಿಸಿದ ದುಡ್ಡನ್ನು ಕಾರ್ಡ್‌ಗೆ ಹಾಕಲಿ. ಸುಮ್ನೆ ಭವಿಷ್ಯಕ್ಕೆ ಎಂದು ದುಡ್ಡು ಕೊಟ್ಟು, ಆ ಭವಿಷ್ಯವನ್ನು ಬಳಸದೇ ಇರುವವರೇ ಜಾಸ್ತಿ.

ಮದರ್‌ಬೋರ್ಡ್‌ನಲ್ಲಿ ಚೆಂದಕ್ಕೆ ದುಡ್ಡು ಹಾಕಬೇಡಿ. ಒಂದೇ ಪ್ರೊಸೆಸರ್, ಒಂದೇ ಕಾರ್ಡ್ ಇದ್ದರೆ ದುಬಾರಿ ಬೋರ್ಡ್‌ನಿಂದ ಎಫ್‌ಪಿಎಸ್ ಹೆಚ್ಚುವುದಿಲ್ಲ ಎನ್ನಬಹುದು. ನೋಡಬೇಕಾದ್ದು ಹೊಂದಾಣಿಕೆ. ಸಾಕೆಟ್ ಒಂದೇನಾ? ಎಲ್‌ಜಿಎ1700 ಬೋರ್ಡ್ ಆದರೆ ಡಿಡಿಆರ್4ರದಾ, ಡಿಡಿಆರ್5ರದಾ? ಎರಡರ ಕಚ್ಚೇ ಬೇರೆ ಜಾಗದಲ್ಲಿರುತ್ತದೆ, ಒಂದರ ಸ್ಲಾಟ್‌ಗೆ ಇನ್ನೊಂದು ಕೂರುವುದಿಲ್ಲ. ಬೋರ್ಡ್ ಹಳೆಯದು, ಪ್ರೊಸೆಸರ್ ಹೊಸದು ಆದರೆ ಬಯಾಸ್ (ಬೋರ್ಡ್‌ನೊಳಗೇ ಇರುವ, ಪಿಸಿಯನ್ನು ಶುರು ಮಾಡುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡದೆ ಪಿಸಿ ಆನ್ ಆಗದೇ ಇರಬಹುದು. ಬಯಾಸ್ ಫ್ಲ್ಯಾಶ್‌ಬ್ಯಾಕ್ ಇರುವ ಬೋರ್ಡ್‌ಗೆ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಹಾಕಬಹುದು. ಮೊದಲ ಸಲ ಜೋಡಿಸುವವರಿಗೆ ಈ ಒಂದು ಬಟನ್ ದೊಡ್ಡ ಧೈರ್ಯ.

ರ‍್ಯಾಮ್ ಒಂದೇ ದೊಡ್ಡ ಸ್ಟಿಕ್ ಬೇಡ, ಎರಡು ತಗೊಳ್ಳಿ. 16 ಜಿಬಿಯ ಒಂದರ ಬದಲು 8 ಜಿಬಿಯ ಎರಡು. ಡಿಡಿಆರ್4-3200ರ ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸುತ್ತದೆ, ಎರಡು ಚಾನೆಲ್‌ಗೂ ಒಂದೊಂದು ಹಾಕಿದರೆ 51.2. ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ, ನಾಲ್ಕನೆಯ ಸ್ಲಾಟ್‌ಗೆ ಹಾಕಬೇಕು. 16 ಜಿಬಿ ಸದ್ಯಕ್ಕೆ ಸಾಕು, 32 ಇದ್ದರೆ ನಿಶ್ಚಿಂತೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಎಳೆದುಕೊಂಡಿದ್ದರಿಂದ 2025ರ ಕೊನೆಗೆ ರ‍್ಯಾಮ್ ಬೆಲೆ ಜೋರಾಗಿ ಏರಿತು. ಹಾಗಾಗಿ ಹಳೇ ಲೇಖನಗಳ ಬೆಲೆ ಲೆಕ್ಕ ನಂಬಿ ಬಜೆಟ್ ಹಾಕಬೇಡಿ.

ಎಸ್‌ಎಸ್‌ಡಿ ವಿಷಯ ಸರಳ. 1 ಟಿಬಿಯ ಸಾಧಾರಣ ಎನ್‌ವಿಎಂಇ (ವೇಗದ ಬಗೆಯ ಎಸ್‌ಎಸ್‌ಡಿ) ಡ್ರೈವ್ ತಗೊಳ್ಳಿ. ಒಂದೇ ಗೇಮ್ 100 ಜಿಬಿ ದಾಟುವ ಕಾಲ ಇದು, 500 ಜಿಬಿ ಬೇಗ ತುಂಬುತ್ತದೆ. ಬಾಕ್ಸ್ ಮೇಲೆ ಸೆಕೆಂಡಿಗೆ 3500 ಎಂಬಿ ಎಂದು ಬರೆದಿದೆಯೋ 7000 ಬರೆದಿದೆಯೋ ಎಂಬುದರಿಂದ ಗೇಮ್ ಲೋಡ್ ಆಗುವ ಹೊತ್ತಿನಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣುವುದಿಲ್ಲ.

ಪವರ್ ಸಪ್ಲೈನಲ್ಲಿ ಮಾತ್ರ ಉಳಿಸಬೇಡಿ

ಪವರ್ ಸಪ್ಲೈ (ಅಂಗಡಿಯವರ ಮಾತಲ್ಲಿ ಎಸ್‌ಎಂಪಿಎಸ್) ಎಫ್‌ಪಿಎಸ್ ಕೊಡುವುದಿಲ್ಲ. ಅದಕ್ಕೇ ಎಲ್ಲರೂ ಇಲ್ಲಿ ದುಡ್ಡು ಕತ್ತರಿಸುತ್ತಾರೆ. ಆದರೆ ಉಳಿದ ಎಲ್ಲ ಭಾಗಗಳ ಜೀವ ಇದರ ಕೈಯಲ್ಲಿದೆ. ಬೇರೆ ಯಾವ ಭಾಗ ಕೆಟ್ಟರೂ ಹೆಚ್ಚಾಗಿ ಅದೊಂದೇ ಹೋಗುತ್ತದೆ. ಕಳಪೆ ಪವರ್ ಸಪ್ಲೈ ಹೋಗುವಾಗ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು.

ಮೊದಲು ವ್ಯಾಟ್ ಲೆಕ್ಕ. ಆರ್‌ಟಿಎಕ್ಸ್ 4060 ಕಾರ್ಡ್‌ಗೆ 115 ವ್ಯಾಟ್. ರೈಜನ್ 5 5600ರಂಥದ್ದು 65 ವ್ಯಾಟ್ ದರ್ಜೆಯದು, ಹೊರೆ ಬಿದ್ದಾಗ ಇನ್ನೂ ಸ್ವಲ್ಪ ಹೆಚ್ಚು. ಬೋರ್ಡ್, ರ‍್ಯಾಮ್, ಫ್ಯಾನ್ ಸೇರಿದರೆ 250 ವ್ಯಾಟ್ ಸುತ್ತಮುತ್ತ. ಕಾರ್ಡ್‌ಗಳು ಕ್ಷಣಮಾತ್ರ ಇದಕ್ಕಿಂತ ತುಂಬಾ ಜಾಸ್ತಿ ಎಳೆಯುವುದುಂಟು, ಹಾಗಾಗಿ ಒಳ್ಳೆಯ 550 ವ್ಯಾಟ್ ಇದ್ದರೆ ಧಾರಾಳ. ಹೆಸರಿಲ್ಲದ 800 ವ್ಯಾಟ್‌ಗಿಂತ ಅದು ಸಾವಿರ ಪಾಲು ಮೇಲು. ಸ್ಟಿಕ್ಕರ್‌ನಲ್ಲಿ ಒಟ್ಟು ವ್ಯಾಟ್ ಬಿಟ್ಟು 12 ವೋಲ್ಟ್ ಸಾಲಿನಲ್ಲಿ ಎಷ್ಟು ಬರೆದಿದೆ ನೋಡಿ. ಪ್ರೊಸೆಸರ್, ಕಾರ್ಡ್ ಎರಡೂ ನಡೆಯುವುದು ಅದರ ಮೇಲೆ. ಒಟ್ಟು 500 ಎಂದು ಬರೆದು 12 ವೋಲ್ಟ್‌ನಲ್ಲಿ 300 ಅಷ್ಟೇ ಇದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

80 ಪ್ಲಸ್ ಬ್ರಾಂಜ್, ಗೋಲ್ಡ್ ಎಂಬ ಮುದ್ರೆ ಹೇಳುವುದು ದಕ್ಷತೆ ಮಾತ್ರ. 115 ವೋಲ್ಟ್ ಪರೀಕ್ಷೆಯಲ್ಲಿ ಅರ್ಧ ಹೊರೆಗೆ ಬ್ರಾಂಜ್ ಶೇ. 85, ಗೋಲ್ಡ್ ಶೇ. 90 ಮುಟ್ಟಬೇಕು. ಶಾರ್ಟ್ ಆದರೆ ತಾನೇ ಆಫ್ ಆಗುತ್ತದಾ, ಒಳಗಿನ ಕೆಪಾಸಿಟರ್‌ಗಳು ಎಂಥವು ಎಂಬುದನ್ನು ಆ ಮುದ್ರೆ ಹೇಳುವುದಿಲ್ಲ. ಅದಕ್ಕೆ ಬಿಚ್ಚಿ ಪರೀಕ್ಷಿಸಿದವರ ವಿಮರ್ಶೆ ಓದಬೇಕು, ವಾರಂಟಿ ಎಷ್ಟು ವರ್ಷ ಎಂದು ನೋಡಬೇಕು. ಐದು ವರ್ಷ ಅಥವಾ ಹೆಚ್ಚು ಕೊಡುವವರಿಗೆ ತಮ್ಮ ಮಾಲಿನ ಮೇಲೆ ನಂಬಿಕೆ ಇರುತ್ತದೆ.

ಒಂದು ಎಚ್ಚರಿಕೆ. ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಪವರ್ ಸಪ್ಲೈನ ಕೇಬಲ್‌ಗಳನ್ನು ಬೇರೆ ಪವರ್ ಸಪ್ಲೈಗೆ ಎಂದೂ ಹಾಕಬೇಡಿ. ಪ್ಲಗ್ ಸರಿಯಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು, ಒಂದೇ ಸಲಕ್ಕೆ ಡ್ರೈವ್, ಬೋರ್ಡ್ ಸುಟ್ಟುಹೋಗುತ್ತವೆ.

ಕ್ಯಾಬಿನೆಟ್‌ಗೆ ಮುಂದೆ ಜಾಲರಿ ಇರಲಿ, ಗಾಜು ಬೇಡ. ಗಾಳಿ ಒಳಗೆ ಬರಬೇಕು. ಕಾರ್ಡ್‌ನ ಉದ್ದ, ಕೂಲರ್‌ನ ಎತ್ತರ ಒಳಗೆ ಹಿಡಿಸುತ್ತದಾ ಎಂದು ಅಳತೆ ನೋಡಿ. ರೈಜನ್ 5 5600, 7600 ಬಾಕ್ಸ್‌ಗಳಲ್ಲಿ ಕೂಲರ್ ಬರುತ್ತದೆ, 7600ಎಕ್ಸ್‌ನಲ್ಲಿ ಬರುವುದಿಲ್ಲ. ಈ ಒಂದು ಅಕ್ಷರದಿಂದ ಬಜೆಟ್ ಏರುತ್ತದೆ. ವಿಂಡೋಸ್ ಲೈಸೆನ್ಸ್ ಖರ್ಚನ್ನೂ ಮರೆಯಬೇಡಿ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್ ಉಚಿತ, ವಿಂಡೋಸ್ ಗೇಮ್‌ಗಳನ್ನು ಅದರಲ್ಲಿ ಓಡಿಸುವ ಪ್ರೋಟಾನ್ ಬಳಸಿ ಸ್ಟೀಮ್‌ನ ಬಹಳಷ್ಟು ಗೇಮ್ ಆಡಬಹುದು. ವ್ಯಾಲೊರೆಂಟ್ ಮಾತ್ರ ಅದರಲ್ಲಿ ನಡೆಯುವುದಿಲ್ಲ.

ಪಿಸಿ ಆನ್ ಆದ ಮೇಲೆ

ಜೋಡಿಸಿದ ಪಿಸಿ ತಾನಾಗಿಯೇ ಪೂರ್ತಿ ವೇಗಕ್ಕೆ ಬರುವುದಿಲ್ಲ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೇ ಹಾಕಿದ್ದೀರಾ ನೋಡಿ. ಮದರ್‌ಬೋರ್ಡ್‌ಗೆ ಹಾಕಿದರೆ ಪರದೆ ಕತ್ತಲೆ ಇರುತ್ತದೆ, ಇಲ್ಲವೇ ಪ್ರೊಸೆಸರ್ ಒಳಗಿನ ಸಣ್ಣ ಗ್ರಾಫಿಕ್ಸ್‌ನಲ್ಲಿ ಗೇಮ್ ತೆವಳುತ್ತದೆ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಮೆಮೊರಿಯನ್ನು ಬಾಕ್ಸ್ ಮೇಲಿನ ವೇಗಕ್ಕೆ ತರುವ ಸೆಟ್ಟಿಂಗ್) ಆನ್ ಮಾಡಿ. ಮಾಡದಿದ್ದರೆ 6000ದ ಡಿಡಿಆರ್5 ರ‍್ಯಾಮ್ 4800ರಂಥ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ. ಅಲ್ಲೇ ರೀಸೈಜಬಲ್ ಬಾರ್ ಕೂಡ ಆನ್ ಇದೆಯಾ ನೋಡಿ. ಕೊನೆಗೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ ತೆರೆಯಿರಿ. 144 ಹರ್ಟ್ಜ್ ಮಾನಿಟರ್ ಕೊಂಡು, ಅಲ್ಲಿ 60 ಎಂದೇ ಉಳಿದಿರುವ ಎಷ್ಟೋ ಪಿಸಿಗಳಿವೆ. ಅದನ್ನು 144ಕ್ಕೆ ಬದಲಿಸಿ, ಆಮೇಲೆ ಗೇಮ್ ಹಾಕಿ.